ನಿಮ್ಮ ರಿಜಿಸ್ಟರಿನಲ್ಲಿ ಇಲ್ಲದ ಹೆಸರುಗಳು: ಭೌತಶಾಸ್ತ್ರ ವಿಭಾಗಗಳಿಗೆ ಒಂದು ಬಹಿರಂಗ ಪತ್ರ

ಗೆ,
ಕರ್ನಾಟಕದ ವಿಶ್ವವಿದ್ಯಾಲಯಗಳ ಭೌತಶಾಸ್ತ್ರ ವಿಭಾಗಗಳ ಮುಖ್ಯಸ್ಥರಿಗೆ,
ಹಾಗೂ ಪದವಿ ಕಾಲೇಜುಗಳ ಭೌತಶಾಸ್ತ್ರ ಅಧ್ಯಾಪಕರಿಗೆ

ಮಾನ್ಯರೇ,

ಹೋದ ತಿಂಗಳು ನಮ್ಮ ಲ್ಯಾಬಿಗೆ ಒಬ್ಬ ಹುಡುಗ ಸಂದರ್ಶನಕ್ಕೆ ಬಂದಿದ್ದ. ಎಂಎಸ್ಸಿ ಭೌತಶಾಸ್ತ್ರ, ಒಳ್ಳೆಯ ಅಂಕ. ಮೂರು ವರ್ಷ ತಾಲ್ಲೂಕು ಕೇಂದ್ರದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ. ಉಪನ್ಯಾಸಕರ ಅರ್ಹತಾ ಪರೀಕ್ಷೆ ಕೆಸೆಟ್ ಎರಡು ಸಲ ಬರೆದಿದ್ದಾನೆ, ಎರಡೂ ಸಲ ಸ್ವಲ್ಪದರಲ್ಲಿ ತಪ್ಪಿದೆ. ಅವನ ಮುಂದೆ ಒಂದು ಮೈಕ್ರೊಮೀಟರ್ ಇಟ್ಟೆ, ಕಾಲೇಜಿನಲ್ಲಿ ನೀವು ಸ್ಕ್ರೂ ಗೇಜ್ ಅನ್ನುತ್ತೀರಲ್ಲ, ಅದೇ. ಜೊತೆಗೆ 10 ಮಿಲಿಮೀಟರಿನ ಒಂದು ಸ್ಲಿಪ್ ಗೇಜ್, ಅಂದರೆ ದಪ್ಪ ನಿಖರವಾಗಿ ಗೊತ್ತಿರುವ ಒಂದು ತುಂಡು. ‘ಐದು ರೀಡಿಂಗ್ ತಗೊಳಪ್ಪ’ ಅಂದೆ. ಎರಡೇ ನಿಮಿಷದಲ್ಲಿ ಹಾಳೆ ವಾಪಸ್ ಕೊಟ್ಟ. ಐದೂ ಕಡೆ 10.00. ಅದೇ ಮೈಕ್ರೊಮೀಟರಿನಲ್ಲಿ ನಾನು ಅಳೆದು ತೋರಿಸಿದೆ: 10.01, 10.01, 10.02, 10.01, 10.01. ಸಂದರ್ಶನಕ್ಕೆ ಅಂತಲೇ ಸ್ವಲ್ಪ ಝೀರೊ ಎರರ್ ಇರುವ, ಅಂದರೆ ಸರಿಯಾಗಿ ಸೊನ್ನೆಯಿಂದ ಶುರುವಾಗದ ಉಪಕರಣವನ್ನು ಎತ್ತಿಟ್ಟಿರುತ್ತೇವೆ. ಹುಡುಗ ತಲೆ ತಗ್ಗಿಸಿ, ‘ಮೇಡಂ, ಗೇಜ್ ಮೇಲೆ 10 ಅಂತ ಬರೆದಿತ್ತಲ್ಲ’ ಅಂದ.

ನನಗೆ ಸಿಟ್ಟು ಬರಲಿಲ್ಲ. ಎಂಎಸ್ಸಿ ಮುಗಿಸಿ ಬಂದ ಹೊಸತರಲ್ಲಿ ನಾನೂ ಹೀಗೇ ಬರೆದು ಬೈಸಿಕೊಂಡವಳು. ಆದರೆ ಹೊರಡುವಾಗ ಅವನು ಹೇಳಿದ ಇನ್ನೊಂದು ಮಾತು ತಲೆಯಲ್ಲಿ ಉಳಿದುಬಿಟ್ಟಿತು: ‘ಫಿಸಿಕ್ಸ್ ಓದಿದೋರಿಗೆ ಇಂಥದ್ದೊಂದು ಕೆಲಸ ಇದೆ ಅಂತಲೇ ನಂಗೆ ಗೊತ್ತಿರಲಿಲ್ಲ ಮೇಡಂ. ಯಾರೂ ಹೇಳಿರಲಿಲ್ಲ.’ ಬಿಎಸ್ಸಿ ಮೂರು ವರ್ಷ, ಎಂಎಸ್ಸಿ ಎರಡು ವರ್ಷ, ಪಾಠ ಮಾಡಿದ್ದು ಮೂರು ವರ್ಷ. ಎಂಟು ವರ್ಷ ಭೌತಶಾಸ್ತ್ರದ ಮನೆಯೊಳಗೇ ಇದ್ದವನಿಗೆ ಆ ಮನೆಗೆ ಎಷ್ಟು ಬಾಗಿಲಿವೆ ಎಂದು ಗೊತ್ತಿಲ್ಲ. ಈ ಪತ್ರ ಬರೆಯಲು ಕಾರಣ ಅದು.

ನಾನು ಪೀಣ್ಯದಲ್ಲಿ, ಅಳತೆಯ ಉಪಕರಣಗಳು ಸರಿಯಿವೆಯೇ ಎಂದು ಪರೀಕ್ಷಿಸುವ ಒಂದು ಕ್ಯಾಲಿಬ್ರೇಶನ್ ಲ್ಯಾಬಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದೇನೆ. ಇಲ್ಲಿಗೆ ಬಂದದ್ದೂ ಆಕಸ್ಮಿಕ. ಗೆಳತಿಯ ಅಣ್ಣ ಟೂಲ್ ರೂಮಿನಲ್ಲಿದ್ದ, ‘ಅಳತೆ ಗೊತ್ತಿರೋರು ಬೇಕಂತೆ’ ಅಂದ, ಬಂದೆ. ಮೊದಲ ಸಂಬಳ ಐದೂವರೆ ಸಾವಿರ. ಕೆಲಸಕ್ಕೆ ಸೇರಿದ ವರ್ಷವೇ ಅಂಕಪಟ್ಟಿ ತರಲು ವಿಭಾಗಕ್ಕೆ ಹೋಗಿದ್ದೆ. ನನಗೆ ಕ್ವಾಂಟಂ ಮೆಕ್ಯಾನಿಕ್ಸ್ ಕಲಿಸಿದ, ಇವತ್ತಿಗೂ ನಾನು ಗೌರವದಿಂದ ನೆನೆಯುವ ಮೇಷ್ಟ್ರು ಕಾರಿಡಾರಿನಲ್ಲಿ ಸಿಕ್ಕರು. ಏನು ಮಾಡ್ತಿದ್ದೀಯಮ್ಮ ಅಂದರು, ಹೇಳಿದೆ. ‘ಓ, ಫೀಲ್ಡ್ ಬಿಟ್ಟುಬಿಟ್ಯಾ?’ ಅಂದರು. ಕೆಡುಕಿನಿಂದ ಅಂದದ್ದಲ್ಲ, ನಿಜವಾಗಿ ಬೇಜಾರಾಗಿತ್ತು ಅವರಿಗೆ. ಬಸ್ಸಿನಲ್ಲಿ ಕೂತು ವಾಪಸ್ ಬರುವಾಗ ದಾರಿಯುದ್ದಕ್ಕೂ ನಾನು ಯಾವುದೋ ಪರೀಕ್ಷೆಯಲ್ಲಿ ಫೇಲಾಗಿದ್ದೇನೆ ಅನ್ನಿಸುತ್ತಿತ್ತು. ಬೆಳಿಗ್ಗೆಯಿಂದ ಸಂಜೆವರೆಗೆ ಉದ್ದ, ಒತ್ತಡ, ತಾಪಮಾನ, ದ್ರವ್ಯರಾಶಿ ಅಳೆಯುವವಳು ಭೌತಶಾಸ್ತ್ರ ಬಿಟ್ಟಿದ್ದಾಳೆ. ಪಿಯುಸಿ ನೋಟ್ಸ್ ಬರೆಸುವವರು ಬಿಟ್ಟಿಲ್ಲ. ಈ ಲೆಕ್ಕ ಯಾವ ತಕ್ಕಡಿಯದ್ದು ಎಂದು ನನಗಿನ್ನೂ ಅರ್ಥವಾಗಿಲ್ಲ.

ನಮ್ಮ ಬ್ಯಾಚಿನಲ್ಲಿ 24 ಮಂದಿ ಇದ್ದೆವು. ಕಾಯಂ ಉಪನ್ಯಾಸಕರಾದವರು ಐವರು. ಉಳಿದವರಲ್ಲಿ ಒಬ್ಬಳು ಕ್ಯಾನ್ಸರ್ ಆಸ್ಪತ್ರೆಯಲ್ಲಿದ್ದಾಳೆ, ಒಬ್ಬ ಪೇಟೆಂಟ್ ಕೆಲಸ ಮಾಡುತ್ತಾನೆ, ಇಬ್ಬರು ಸಾಫ್ಟ್‌ವೇರ್, ಒಬ್ಬ ವಿಮಾನ ನಿಲ್ದಾಣದ ಟವರಿನಲ್ಲಿ, ಮೂವರು ಬ್ಯಾಂಕು, ಒಬ್ಬ ಅಡಿಕೆ ತೋಟ ನೋಡಿಕೊಂಡು ಚೆನ್ನಾಗಿದ್ದಾನೆ. ಇದು ನನಗೆ ಗೊತ್ತಿರುವುದು ವಾಟ್ಸ್ಆ್ಯಪ್ ಗುಂಪಿನಿಂದ. ವಿಭಾಗಕ್ಕೆ ಗೊತ್ತಿರುವುದು ಐದು ಹೆಸರು. ಕಾಲೇಜುಗಳ ಗುಣಮಟ್ಟ ನೋಡುವ ನ್ಯಾಕ್ ತಂಡ ಬರುವ ವಾರ ಮಾತ್ರ ನಮಗೆಲ್ಲ ಫೋನು ಬರುತ್ತದೆ. ‘ಮೇಡಂ, ಈಗ ಎಲ್ಲಿದ್ದೀರಿ, ಡೆಸಿಗ್ನೇಶನ್ ಏನು, ಒಂದು ಐಡಿ ಕಾರ್ಡ್ ಕಾಪಿ ಕಳಿಸಿ.’ ಕಳಿಸುತ್ತೇವೆ. ಆ ಕಾಗದ ಫೈಲಿಗೆ ಹೋಗುತ್ತದೆ, ಫೈಲು ಬೀರುವಿಗೆ. ಅಲ್ಲಿಂದ ಒಬ್ಬ ವಿದ್ಯಾರ್ಥಿಯ ಕಣ್ಣಿಗೂ ಅದು ಬಿದ್ದದ್ದಿಲ್ಲ.

ನಮ್ಮ ಕೆಲಸ ಏನು ಎಂದು ಸ್ವಲ್ಪ ವಿವರವಾಗಿ ಹೇಳಬೇಕು. ಹೇಳದಿದ್ದರೆ ‘ಫೀಲ್ಡ್ ಬಿಟ್ಟಿದ್ದಾಳೆ’ ಎಂಬ ಮಾತು ಹಾಗೇ ಉಳಿಯುತ್ತದೆ.

ಕಾರ್ಖಾನೆಯವರು ತಮ್ಮ ಮಾಪಕಗಳನ್ನು ನಮಗೆ ತಂದು ಕೊಡುತ್ತಾರೆ. ನಮ್ಮಲ್ಲಿ ಅವಕ್ಕಿಂತ ನಿಖರವಾದ ಮಾಪಕಗಳಿವೆ, ನಮ್ಮವನ್ನು ಅವಕ್ಕಿಂತ ನಿಖರವಾದವುಗಳ ಜೊತೆ ಹೋಲಿಸಿರುತ್ತಾರೆ. ಈ ಸರಪಳಿ ಹತ್ತುತ್ತಾ ಹತ್ತುತ್ತಾ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ, ಅಲ್ಲಿಂದ ಕೊನೆಗೆ ಪ್ರಕೃತಿಯ ಸ್ಥಿರಾಂಕಗಳಿಗೆ ಹೋಗಿ ಮುಟ್ಟುತ್ತದೆ. 2019ರ ಮೇ 20ರಿಂದ ಕಿಲೋಗ್ರಾಂ ಅನ್ನುವುದು ಪ್ಯಾರಿಸ್ ಪಕ್ಕದ ನೆಲಮಾಳಿಗೆಯಲ್ಲಿರುವ ಲೋಹದ ಸಿಲಿಂಡರಲ್ಲ, ಪ್ಲಾಂಕ್ ಸ್ಥಿರಾಂಕಕ್ಕೆ ಕಟ್ಟಿದ ಒಂದು ಸಂಖ್ಯೆ. ನೀವು ಬೋರ್ಡಿನ ಮೇಲೆ ಬರೆಯುವ 6.626 × 10⁻³⁴ ಇದೆಯಲ್ಲ, ಅದು ಪೀಣ್ಯದ ಶೆಡ್ಡಿನಲ್ಲಿರುವ ತೂಕದ ಬಟ್ಟಿನವರೆಗೂ ಇಳಿದು ಬರುತ್ತದೆ. ಆ ದಿನ ನಾನು ಮನೆಯಲ್ಲಿ ಸಂಭ್ರಮದಿಂದ ಈ ಸುದ್ದಿ ಹೇಳಿದೆ. ‘ಅಕ್ಕಿ ರೇಟು ಏನಾದ್ರೂ ಕಮ್ಮಿ ಆಗುತ್ತಾ?’ ಅಂತ ಅತ್ತೆ ಕೇಳಿದರು.

ನಮ್ಮ ಅಳತೆ ಕೋಣೆಯಲ್ಲಿ ಸದಾ 20 ಡಿಗ್ರಿ. ಉದ್ದದ ಅಳತೆಗಳಿಗೆ ಲೋಕವೆಲ್ಲ ಒಪ್ಪಿಕೊಂಡ ತಾಪಮಾನ ಅದು. ಒಂದು ಮೀಟರ್ ಉಕ್ಕಿನ ಸರಳು ಒಂದು ಡಿಗ್ರಿಗೆ ಸುಮಾರು ಹನ್ನೊಂದೂವರೆ ಮೈಕ್ರಾನ್ ಹಿಗ್ಗುತ್ತದೆ. ಹೊರಗಿನ 28 ಡಿಗ್ರಿಯಲ್ಲಿ ಅಳೆದರೆ ಹೆಚ್ಚುಕಡಿಮೆ ಒಂದು ತಲೆಗೂದಲಿನಷ್ಟು ತಪ್ಪು. ವಿಮಾನದ ಬಿಡಿಭಾಗ ಮಾಡುವವರಿಗೆ ಅದು ದೊಡ್ಡ ತಪ್ಪು. ಆದ್ದರಿಂದ ನಾವು ಕೊಡುವ ಸರ್ಟಿಫಿಕೇಟಿನಲ್ಲಿ ಅಳತೆ ಒಂದೇ ಇರುವುದಿಲ್ಲ, ಆ ಅಳತೆಯನ್ನು ಎಷ್ಟು ನಂಬಬಹುದು ಅನ್ನುವುದೂ ಇರುತ್ತದೆ. ಅದಕ್ಕೆ ನಾವು ಅನ್‌ಸರ್ಟೆನ್ಟಿ ಅನ್ನುತ್ತೇವೆ. ಉಪಕರಣದ್ದು ಎಷ್ಟು, ತಾಪಮಾನದ್ದು ಎಷ್ಟು, ನನ್ನ ಕೈಯದ್ದು ಎಷ್ಟು, ನಮ್ಮ ಮಾಸ್ಟರ್ ಮಾಪಕದ್ದೇ ಎಷ್ಟು ಎಂದು ಬಿಡಿಸಿ ಬರೆದು, ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯುತ್ತೇವೆ. ಇಂಜಿನಿಯರಿಂಗ್ ಓದಿದವರಿಗಿಂತ ಭೌತಶಾಸ್ತ್ರದವರು ಈ ಕೆಲಸ ಬೇಗ ಹಿಡಿಯುತ್ತಾರೆ ಎಂಬುದು ನನ್ನ ಅನುಭವ. ಇಂಜಿನಿಯರುಗಳು ಜಗಳಕ್ಕೆ ಬರಬಹುದು, ಬರಲಿ.

ಇನ್ನೊಂದು ಉದಾಹರಣೆ ಕೊಡುತ್ತೇನೆ, ಇದು ನೇರವಾಗಿ ನಿಮಗೆ ಸಂಬಂಧಿಸಿದ್ದು. ಒತ್ತಡದ ಮಾಪಕಗಳನ್ನು ಪರೀಕ್ಷಿಸಲು ಡೆಡ್ ವೇಟ್ ಟೆಸ್ಟರ್ ಎಂಬ ಉಪಕರಣವಿದೆ. ಒಂದು ಪಿಸ್ಟನ್, ಅದರ ಮೇಲೆ ತೂಕದ ಬಿಲ್ಲೆಗಳು. ತೂಕವನ್ನು ಪಿಸ್ಟನ್ನಿನ ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ, ಪಿಯುಸಿ ಪಾಠವೇ. ಆದರೆ ತೂಕ ಎಂದರೆ ದ್ರವ್ಯರಾಶಿ ಗುಣಿಸು ಗುರುತ್ವ ವೇಗೋತ್ಕರ್ಷ. ಬಿಲ್ಲೆಗಳನ್ನು 9.80665 ಎಂಬ ಪ್ರಮಾಣಿತ ಗುರುತ್ವಕ್ಕೆ ಮಾಡಿದ್ದರೆ ಬೆಂಗಳೂರಿನಲ್ಲಿ ಅವು ಸುಳ್ಳು ಹೇಳುತ್ತವೆ. ನಾವು ಸಮಭಾಜಕಕ್ಕೆ ಹತ್ತಿರ, ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರ. ಇಲ್ಲಿನ ಗುರುತ್ವ ಸುಮಾರು 9.780. ಸಾವಿರ ಬಾರ್ ಒತ್ತಡ ಎಂದು ಬರೆದ ಕಡೆ ನಿಜವಾಗಿ ಇರುವುದು ಎರಡೂಮುಕ್ಕಾಲು ಬಾರಿನಷ್ಟು ಕಡಿಮೆ. ತಿದ್ದುಪಡಿ ಹಾಕದೆ ಸರ್ಟಿಫಿಕೇಟ್ ಕೊಟ್ಟರೆ ನಮ್ಮ ಲ್ಯಾಬಿನ ಮಾನ್ಯತೆಗೇ ಕುತ್ತು.

ಈಗ ನಿಮ್ಮ ಬಿಎಸ್ಸಿ ಪ್ರಾಕ್ಟಿಕಲ್ಲಿಗೆ ಬನ್ನಿ. ಬಾರ್ ಪೆಂಡುಲಮ್ ಇಟ್ಟು ಗುರುತ್ವ ಕಂಡುಹಿಡಿಯುವ ಪ್ರಯೋಗ ರಾಜ್ಯದ ಎಲ್ಲ ಕಾಲೇಜಿನಲ್ಲೂ ಇದೆ. ಉತ್ತರ, ಸೆಂಟಿಮೀಟರ್ ಲೆಕ್ಕದಲ್ಲಿ, 980 ಬಂದರೆ ‘ಗುಡ್’. ನಮ್ಮ ಕಾಲದಲ್ಲಿ 980 ಬರುವಂತೆ ಕೊನೆಯಿಂದ ಹಿಂದಕ್ಕೆ ಲೆಕ್ಕ ಮಾಡಿ ರೀಡಿಂಗ್ ತುಂಬುವ ಕಲೆಯಲ್ಲಿ ಎಲ್ಲರೂ ಪಳಗಿದ್ದೆವು. ಸೀನಿಯರ್ ರೆಕಾರ್ಡ್ ಒಂದು ಕೈಯಿಂದ ಕೈಗೆ ಓಡಾಡುತ್ತಿತ್ತು. ಆದರೆ ಬೆಂಗಳೂರಿನ ಹುಡುಗಿಯೊಬ್ಬಳು ಪ್ರಾಮಾಣಿಕವಾಗಿ, ತಾಳ್ಮೆಯಿಂದ ಅಳೆದರೆ ಅವಳಿಗೆ ಬರಬೇಕಾದ್ದು 978. ಮಂಗಳೂರಿನಲ್ಲಿ ಅಳೆದರೂ ಕಲಬುರಗಿಯಲ್ಲಿ ಅಳೆದರೂ 978ರ ಮೇಲೆ ದಶಮಾಂಶದ ಆಟ, ಅಷ್ಟೇ. ಅಂದರೆ ನಿಜ ಬರೆದವಳಿಗೆ ‘ರಿಪೀಟ್’, ಸುಳ್ಳು ಬರೆದವನಿಗೆ ಹತ್ತಕ್ಕೆ ಹತ್ತು. ಆ ಹುಡುಗ ಐದೂ ಸಲ 10.00 ಬರೆದದ್ದು ಎಲ್ಲಿ ಕಲಿತು? ನಾವೇ ಕಲಿಸಿದ್ದು. ನಮ್ಮಲ್ಲಿ ಸೇರಿದ ಹೊಸಬರಿಗೆ ಮೊದಲ ಆರು ತಿಂಗಳು ನಾವು ಏನನ್ನೂ ಕಲಿಸುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುವ ಅಭ್ಯಾಸ ಮಾಡಿಸುತ್ತೇವೆ.

ನನ್ನ ಕಥೆ ಇಷ್ಟು ಸಾಕು. ಆಸ್ಪತ್ರೆಯಲ್ಲಿರುವ ಗೆಳತಿಯದು ಇದಕ್ಕಿಂತ ದೊಡ್ಡದು.

ಕ್ಯಾನ್ಸರ್ ರೋಗಿಗೆ ವಿಕಿರಣ ಚಿಕಿತ್ಸೆ, ನಮ್ಮ ಹಳ್ಳಿ ಕಡೆ ‘ಕರೆಂಟ್ ಕೊಡಿಸೋದು’ ಅನ್ನುತ್ತಾರಲ್ಲ, ಅದನ್ನು ಬರೆದುಕೊಡುವವರು ವೈದ್ಯರು. ದಿನಕ್ಕೆ 2 ಗ್ರೇ, 25 ದಿನ, ಹೀಗೆ. ಗ್ರೇ ಎಂದರೆ ಕಿಲೋಗ್ರಾಂ ಅಂಗಾಂಶಕ್ಕೆ ಒಂದು ಜೌಲ್ ಶಕ್ತಿ. ಆದರೆ ಗಡ್ಡೆಗೆ ಅಷ್ಟು ಹೋಗಿ ಪಕ್ಕದ ಬೆನ್ನುಹುರಿಗೆ ಹೋಗದ ಹಾಗೆ ಕಿರಣಗಳ ಕೋನ, ಆಕಾರ, ಸಮಯ ಲೆಕ್ಕ ಹಾಕುವವಳು ಮೆಡಿಕಲ್ ಫಿಸಿಸಿಸ್ಟ್. ಯಂತ್ರ ಹೇಳಿದಷ್ಟೇ ವಿಕಿರಣ ಹೊರಗೆ ಬರುತ್ತಿದೆಯೇ ಎಂದು ಬೆಳಿಗ್ಗೆ ಮೊದಲ ರೋಗಿ ಬರುವ ಮುಂಚೆ ಅಯಾನ್ ಚೇಂಬರ್ ಇಟ್ಟು ಅಳೆಯುವವಳೂ ಅವಳೇ. ಅವಳ ಸಹಿ ಇಲ್ಲದೆ ಯೋಜನೆ ಮುಂದೆ ಹೋಗುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ನಿಯಮದ ಪ್ರಕಾರ ಮೆಡಿಕಲ್ ಫಿಸಿಸಿಸ್ಟ್ ಮತ್ತು ವಿಕಿರಣ ಸುರಕ್ಷಾ ಅಧಿಕಾರಿ ಇಲ್ಲದೆ ರೇಡಿಯೋಥೆರಪಿ ವಿಭಾಗ ನಡೆಸುವ ಹಾಗಿಲ್ಲ. ಆ ಕುರ್ಚಿಯಲ್ಲಿ ಕೂರಲು ಬೇಕಾದ ವಿದ್ಯೆಯ ಬುನಾದಿ ಭೌತಶಾಸ್ತ್ರವೇ. ಎಂಎಸ್ಸಿ ಮೇಲೆ ರೇಡಿಯಾಲಜಿಕಲ್ ಫಿಸಿಕ್ಸ್‌ನಲ್ಲಿ ಒಂದು ಸ್ನಾತಕೋತ್ತರ ಡಿಪ್ಲೊಮಾ, ಇಲ್ಲವೇ ಮೆಡಿಕಲ್ ಫಿಸಿಕ್ಸ್‌ನಲ್ಲೇ ಎಂಎಸ್ಸಿ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ಈ ಡಿಪ್ಲೊಮಾ 1962ರಿಂದ ಇದೆ. ನಮ್ಮಲ್ಲೇ ಬೆಂಗಳೂರಿನ ಕಿದ್ವಾಯಿಯಲ್ಲಿ, ಮಣಿಪಾಲದಲ್ಲಿ ಈ ಓದಿಗೆ ದಾರಿಯಿದೆ. ನನ್ನ ಗೆಳತಿಗೆ ಇದು ತಿಳಿದದ್ದು ಹೇಗೆ ಗೊತ್ತೇ? ಅವಳ ತಂದೆಗೆ ಗಂಟಲಿನ ಕ್ಯಾನ್ಸರ್ ಆಗಿ, ಆಸ್ಪತ್ರೆಯ ಕಾರಿಡಾರಿನಲ್ಲಿ ಕಾಯುತ್ತಾ ಕೂತಾಗ, ಬಾಗಿಲ ಮೇಲೆ ‘ಫಿಸಿಸಿಸ್ಟ್’ ಎಂಬ ಬೋರ್ಡು ಕಂಡು. ಇಲ್ಲಿ ಫಿಸಿಸಿಸ್ಟ್ ಯಾಕಿದ್ದಾರೆ ಎಂದು ಒಳಗೆ ಹೋಗಿ ಕೇಳಿದಳು. ವಿಭಾಗ ಹೇಳಬೇಕಾದ್ದನ್ನು ಅಪ್ಪನ ಕಾಯಿಲೆ ಹೇಳಿತು.

ಇದೇ ದಾರಿಯಲ್ಲಿ ಇನ್ನೊಂದು. ರಾಜ್ಯದ ಎಷ್ಟೋ ವಿಭಾಗಗಳಲ್ಲಿ ಥರ್ಮೊಲ್ಯುಮಿನೆಸೆನ್ಸ್ ಮೇಲೆ ಎಂಎಸ್ಸಿ ಪ್ರಾಜೆಕ್ಟು ಮಾಡಿಸುತ್ತೀರಿ. ಪುಡಿ ಕಾಯಿಸುವುದು, ಗ್ಲೋ ಕರ್ವ್ ಬಿಡಿಸುವುದು, ಬೈಂಡ್ ಮಾಡಿಸುವುದು, ಮುಗಿಯಿತು. ಎಕ್ಸ್‌ರೇ ತಂತ್ರಜ್ಞರ ಎದೆಯ ಮೇಲೆ, ಕೈಗಾದ ಅಣು ವಿದ್ಯುತ್ ಸ್ಥಾವರದ ಕೆಲಸಗಾರರ ಅಂಗಿಯ ಮೇಲೆ ಸಿಕ್ಕಿಸಿರುವ ಟಿಎಲ್‌ಡಿ ಬ್ಯಾಡ್ಜಿನೊಳಗೆ ಇರುವುದು ಅದೇ ಭೌತಶಾಸ್ತ್ರ. ಡಿಸ್ಪ್ರೋಸಿಯಂ ಬೆರೆಸಿದ ಕ್ಯಾಲ್ಸಿಯಂ ಸಲ್ಫೇಟ್, ಕಾಯಿಸಿದರೆ ಬೆಳಗುತ್ತದೆ, ಬೆಳಕು ಅಳೆದರೆ ಆ ಮನುಷ್ಯ ಎಷ್ಟು ವಿಕಿರಣ ಉಂಡಿದ್ದಾನೆ ಎಂದು ತಿಳಿಯುತ್ತದೆ. ಅದನ್ನು ಓದಿ ಲೆಕ್ಕ ಇಡುವುದೇ ಒಂದು ಉದ್ಯೋಗ. ಪ್ರಾಜೆಕ್ಟಿನ ಮೊದಲ ಪುಟದಲ್ಲಿ ಈ ಒಂದು ವಾಕ್ಯ ಬರೆಸಿದರೆ ಹುಡುಗರ ಕಣ್ಣು ತೆರೆಯುತ್ತದೆ. ಕೈಗಾದಂಥ ಸ್ಥಾವರಗಳು ವೈಜ್ಞಾನಿಕ ಸಹಾಯಕ ತರಬೇತಿಗೆ ಭೌತಶಾಸ್ತ್ರ ಮುಖ್ಯವಾಗಿ ಓದಿದ ಬಿಎಸ್ಸಿಯವರನ್ನೂ ತೆಗೆದುಕೊಳ್ಳುತ್ತವೆ. ಎಂಎಸ್ಸಿ ಕೂಡ ಬೇಡ.

ಬೇರೆಯವನ್ನು ಒಂದೇ ಉಸಿರಿಗೆ ಹೇಳಿಬಿಡುತ್ತೇನೆ. ಪೆಟ್ರೋಲ್ ಬಂಕಿನಲ್ಲಿ ಐದು ಲೀಟರಿನ ಅಳತೆ ಪಾತ್ರೆ ಇಟ್ಟು ಪರೀಕ್ಷಿಸುವ, ಸಂತೆಯ ತಕ್ಕಡಿಗೆ ಮುದ್ರೆ ಒತ್ತುವ ಕಾನೂನು ಮಾಪನಶಾಸ್ತ್ರ ಇಲಾಖೆಯ ನಿರೀಕ್ಷಕ ಇದ್ದಾನಲ್ಲ, ಆ ಹುದ್ದೆಗೆ ವಿಜ್ಞಾನ ಪದವಿಯವರಾದರೆ ಭೌತಶಾಸ್ತ್ರ ಒಂದು ವಿಷಯವಾಗಿ ಓದಿರಬೇಕೆಂದು ನಿಯಮದಲ್ಲೇ ಇದೆ. ಹವಾಮಾನ ಇಲಾಖೆಯ ವೈಜ್ಞಾನಿಕ ಸಹಾಯಕರ ನೇಮಕಾತಿಯಲ್ಲೂ ಭೌತಶಾಸ್ತ್ರದ ಬಿಎಸ್ಸಿಗೆ ಜಾಗವಿದೆ. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಗೆ ಯುಪಿಎಸ್‌ಸಿ ನಡೆಸುವ ಪರೀಕ್ಷೆಯಲ್ಲಿ ಜಿಯೋಫಿಸಿಸಿಸ್ಟ್ ಹುದ್ದೆಗೆ ಎಂಎಸ್ಸಿ ಭೌತಶಾಸ್ತ್ರದವರು ಕೂರಬಹುದು. ಪೆಂಡುಲಮ್ಮಿನಲ್ಲಿ ಸುಳ್ಳು ಬರೆದೆವಲ್ಲ, ಅದೇ ಗುರುತ್ವದ ಕೂದಲೆಳೆ ವ್ಯತ್ಯಾಸ ಅಳೆದು ನೆಲದಡಿ ಯಾವ ಬಂಡೆಯಿದೆ ಎಂದು ಹೇಳುವ ಕೆಲಸ. ವಿಮಾನಗಳನ್ನು ಇಳಿಸುವ ಏರಿಸುವ ಏರ್ ಟ್ರಾಫಿಕ್ ಕಂಟ್ರೋಲರ್ ಆಗಲು ಇಂಜಿನಿಯರಿಂಗ್ ಬೇಕೇಬೇಕೆಂದಿಲ್ಲ, ಭೌತಶಾಸ್ತ್ರ ಮತ್ತು ಗಣಿತ ಇರುವ ಮೂರು ವರ್ಷದ ಬಿಎಸ್ಸಿ ಸಾಕು. ನಮ್ಮ ಬ್ಯಾಚಿನ ಆ ಹುಡುಗನಿಗೆ ಈ ಸುದ್ದಿ ಸಿಕ್ಕಿದ್ದು ರೈಲಿನಲ್ಲಿ ಪಕ್ಕದಲ್ಲಿ ಕೂತವನ ಪೇಪರಿನಿಂದ.

ಪೇಟೆಂಟ್ ಕೆಲಸ ಮಾಡುವವನ ವಿಷಯ ಕೇಳಿದರೆ ಎಲ್ಲರೂ ಲಾ ಓದಿದ್ದಾನಾ ಅನ್ನುತ್ತಾರೆ. ಓದಿಲ್ಲ. ಪೇಟೆಂಟ್ ಏಜೆಂಟ್ ಪರೀಕ್ಷೆಗೆ ವಿಜ್ಞಾನ ಅಥವಾ ಇಂಜಿನಿಯರಿಂಗ್ ಪದವಿ, 21 ವರ್ಷ ವಯಸ್ಸು, ಭಾರತದ ಪೌರತ್ವ ಇದ್ದರೆ ಕೂರಬಹುದು. ಲೇಸರ್, ಸೆನ್ಸರ್, ಸೆಮಿಕಂಡಕ್ಟರ್ ಬಗ್ಗೆ ಬಂದ ಅರ್ಜಿಯಲ್ಲಿ ಹೊಸತೇನಿದೆ, ಹಳೆಯದೇನು ಎಂದು ಬೇರ್ಪಡಿಸಲು ಭೌತಶಾಸ್ತ್ರದವನೇ ಬೇಕು. ಬ್ಯಾಂಕುಗಳಲ್ಲಿ ನಷ್ಟಸಾಧ್ಯತೆಯ ಲೆಕ್ಕ ಹಾಕುವವರ ಕಥೆಯೂ ಹೀಗೇ. ಷೇರು ಪೇಟೆಯ ಆಪ್ಷನ್ನುಗಳ ಬೆಲೆ ಲೆಕ್ಕ ಹಾಕಲು 1973ರಲ್ಲಿ ಬಂದ ಬ್ಲ್ಯಾಕ್-ಶೋಲ್ಸ್ ಸಮೀಕರಣವನ್ನು ಚರಾಕ್ಷರ ಬದಲಿಸಿ ಬರೆದರೆ ನೀವು ಗಣಿತೀಯ ಭೌತಶಾಸ್ತ್ರದಲ್ಲಿ ಕಲಿಸುವ ಶಾಖಪ್ರಸರಣದ ಸಮೀಕರಣವಾಗುತ್ತದೆ. ಆ ಬ್ಲ್ಯಾಕ್ ಅವರ ಮೊದಲ ಪದವಿಯೂ ಭೌತಶಾಸ್ತ್ರದ್ದೇ. ಈ ಒಂದು ಮಾತನ್ನು ಆ ಪಾಠದ ಕೊನೆಯಲ್ಲಿ ಹೇಳಲು ಎರಡು ನಿಮಿಷ ಸಾಕು.

ಇವೆಲ್ಲ ಗೂಗಲ್‌ನಲ್ಲಿ ಸಿಗುತ್ತವೆ, ಹುಡುಗರೇ ಹುಡುಕಿಕೊಳ್ಳಲಿ ಅನ್ನಬಹುದು. ಹುಡುಕುತ್ತಾರೆ, ಆದರೆ ತಡವಾಗಿ. ಅಣುಶಕ್ತಿ ಇಲಾಖೆಯ ಒಂದು ವರ್ಷದ ತರಬೇತಿಗೆ ಸಾಮಾನ್ಯ ವರ್ಗದವರಿಗೆ ವಯಸ್ಸಿನ ಮಿತಿ 26. ಏರ್ ಟ್ರಾಫಿಕ್ ಕಂಟ್ರೋಲಿಗೆ 27. ಮೀಸಲಾತಿಯವರಿಗೆ ಸಡಿಲಿಕೆ ಇದೆ, ಇದ್ದರೂ ಕೊನೆ ಕೊನೆಯೇ. ಎಂಎಸ್ಸಿ ಮುಗಿಸುವಾಗ ಹುಡುಗನಿಗೆ 23. ‘ಈ ವರ್ಷ ಗೆಸ್ಟ್ ಆಗಿರು, ಮುಂದಿನ ವರ್ಷ ಕಾಯಂ ಹುದ್ದೆಗೆ ಕಾಲ್‌ಫಾರ್ ಆಗಬಹುದು’ ಎಂದು ನೀವೇ ಪ್ರೀತಿಯಿಂದ ಹೇಳುತ್ತೀರಿ. ಪರೀಕ್ಷೆ ಮುಗಿದಾಗ ಮನೆಗೆ ಕಳಿಸುವ, ಕಾಲೇಜು ಶುರುವಾದಾಗ ಮತ್ತೆ ಅರ್ಜಿ ಹಾಕಿಸುವ ಆ ಕೆಲಸದಲ್ಲಿ ಮೂರು ನಾಲ್ಕು ವರ್ಷ ಹೋಗುವಾಗ ಬೇರೆ ಬಾಗಿಲುಗಳು ಒಂದೊಂದಾಗಿ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ನಮ್ಮಲ್ಲಿಗೆ ಬಂದ ಹುಡುಗನಿಗೆ ಇಪ್ಪತ್ತೇಳು ತುಂಬಿ ಎರಡು ತಿಂಗಳಾಗಿತ್ತು.

ಹೊರಗೆ ಎಲ್ಲವೂ ಹಾಲು ಜೇನು ಎಂದು ಹೇಳುತ್ತಿಲ್ಲ. ಮೆಡಿಕಲ್ ಫಿಸಿಕ್ಸ್ ಸೀಟುಗಳು ಕಡಿಮೆ. ನಮ್ಮ ಲ್ಯಾಬಿನ ಮೊದಲ ವರ್ಷದ ಸಂಬಳ ಇವತ್ತಿಗೂ ಹೇಳಿಕೊಳ್ಳುವಂಥದ್ದಲ್ಲ. ಆ ಹುಡುಗನಿಗೆ ಅಂಕಿ ಹೇಳುವಾಗ ನನಗೇ ಸಂಕೋಚವಾಯಿತು. ಟವರಿನವನಿಗೆ ರಾತ್ರಿ ಪಾಳಿ ತಪ್ಪಿದ್ದಲ್ಲ. ಸರ್ಕಾರಿ ಹುದ್ದೆಗಳ ಅಧಿಸೂಚನೆ ಯಾವ ವರ್ಷ ಬರುತ್ತದೋ ಯಾವ ವರ್ಷ ಇಲ್ಲವೋ. ಕನ್ನಡ ಮಾಧ್ಯಮದಿಂದ ಬಂದ ಮಕ್ಕಳು ಇಂಗ್ಲಿಷಿನಲ್ಲಿ ಒಂದು ರಿಪೋರ್ಟ್ ಬರೆಯಲು ಬೆವರುತ್ತಾರೆ, ನಾನೂ ಬೆವರಿದ್ದೆ. ಸ್ವಲ್ಪವಾದರೂ ಪೈಥಾನ್ ಬರದಿದ್ದರೆ ಈಗ ಯಾವ ಬಾಗಿಲೂ ಪೂರ್ತಿ ತೆರೆಯುವುದಿಲ್ಲ. ಪಾಠ ಮಾಡುವ ಆಸೆ ನಿಜವಾಗಿ ಇರುವವರು ಪಾಠವನ್ನೇ ಮಾಡಲಿ, ಒಳ್ಳೆಯ ಮೇಷ್ಟ್ರು ಇಲ್ಲದಿದ್ದರೆ ನಾನೂ ಇಲ್ಲ. ನನ್ನ ತಕರಾರು ಬೇರೆ ಏನೂ ಕಾಣದೆ ಅಲ್ಲಿ ನಿಂತವರ ಬಗ್ಗೆ.

ಫೆಬ್ರುವರಿ 28 ಬಂದರೆ ನಿಮ್ಮಲ್ಲೆಲ್ಲ ವಿಜ್ಞಾನ ದಿನ. ರಾಮನ್ ಫೋಟೊ, ಹೂವಿನ ಹಾರ, ಭಾಷಣ. ನೀಲಿ ಸಮುದ್ರದ ಕಥೆ ಎಲ್ಲರೂ ಹೇಳುತ್ತಾರೆ. 1907ರಲ್ಲಿ ಎಂಎ ಮುಗಿಸಿದ ರಾಮನ್ ಸರ್ಕಾರದ ಹಣಕಾಸು ಇಲಾಖೆಗೆ ಸೇರಿ ಕಲ್ಕತ್ತಾದಲ್ಲಿ ಲೆಕ್ಕಪತ್ರದ ಅಧಿಕಾರಿಯಾಗಿದ್ದರು, ಹತ್ತು ವರ್ಷ ಅದೇ ಕೆಲಸದಲ್ಲಿದ್ದರು ಅನ್ನುವುದನ್ನು ಮಾತ್ರ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಆ ಹತ್ತು ವರ್ಷಗಳೇ ಮುಖ್ಯವಾಗಿ ಕಾಣುತ್ತವೆ. ಅಲ್ಲಿನ ಬೌಬಜಾರಿನಲ್ಲಿದ್ದ ಇಂಡಿಯನ್ ಅಸೋಸಿಯೇಷನ್ ಎಂಬ ವಿಜ್ಞಾನ ಸಂಸ್ಥೆ ಅವರಿಗೆ ಆಫೀಸಿಗೆ ಹೋಗುವ ಮುಂಚೆ, ಆಫೀಸು ಬಿಟ್ಟ ಮೇಲೆ ಬಂದು ಕೆಲಸ ಮಾಡಲು ಬಾಗಿಲು ತೆರೆಯಿತು. ನೀನು ಫೀಲ್ಡಿನವನಲ್ಲ ಎಂದು ಯಾರೂ ಅನ್ನಲಿಲ್ಲ. 1917ರಲ್ಲಿ ಅವರು ಸಂಬಳ ಕಡಿಮೆಯಾದರೂ ನೌಕರಿ ಬಿಟ್ಟು ಪ್ರಾಧ್ಯಾಪಕರಾದರು, ನಿಜ, ಹಾಗಾಗಿ ಕೊನೆಗೆ ಬಂದದ್ದು ನಮ್ಮ ಕಡೆಗೇ ಎಂದು ನೀವು ಅನ್ನಬಹುದು. ಬರಲು ದಾರಿ ಇತ್ತು, ಬಂದರು. ಇವತ್ತು ನಮ್ಮ ಲ್ಯಾಬಿನಲ್ಲಿರುವವಳು ಶನಿವಾರ ಮಧ್ಯಾಹ್ನ ನಿಮ್ಮ ಪ್ರಯೋಗಾಲಯಕ್ಕೆ ಬಂದು ಒಂದು ಅಳತೆ ಮಾಡುತ್ತೇನೆ ಅಂದರೆ ಗೇಟಿನ ವಾಚ್‌ಮನ್‌ನಿಂದ ಹಿಡಿದು ರಿಜಿಸ್ಟ್ರಾರ್‌ವರೆಗೆ ಎಷ್ಟು ಸಹಿ ಬೇಕು?

ಒಮ್ಮೆ ಒಬ್ಬ ವಿಭಾಗ ಮುಖ್ಯಸ್ಥರಿಗೆ ಇದನ್ನೆಲ್ಲ ಹೇಳಿದ್ದೆ. ‘ನಾವು ವಿಶ್ವವಿದ್ಯಾಲಯ ಕಣಮ್ಮ, ಉದ್ಯೋಗ ವಿನಿಮಯ ಕೇಂದ್ರ ಅಲ್ಲ’ ಅಂದರು. ಆ ಮಾತಿನಲ್ಲಿ ಒಂದು ಮರ್ಯಾದೆ ಇದೆ, ಅದನ್ನು ನಾನು ಒಪ್ಪುತ್ತೇನೆ. ಕಂಪನಿಗೆ ಬೇಕಾದ ಹಾಗೆ ಸಿಲೆಬಸ್ ಕತ್ತರಿಸಿ ಎಂದು ನಾನು ಕೇಳುತ್ತಿಲ್ಲ. ಸಿಲೆಬಸ್ ಆಗಲೇ ಸಾಕಷ್ಟು ಕತ್ತರಿ ಕಂಡಿದೆ: 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದು ನಾಲ್ಕು ವರ್ಷ ಮಾಡಿದರು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ತಂದರು. ಪಾಪ, ನಡುವಿನ ಬ್ಯಾಚಿನವರು ತಮ್ಮ ಅಂಕಪಟ್ಟಿಯನ್ನು ಎಲ್ಲರಿಗೂ ವಿವರಿಸುತ್ತಾ ಓಡಾಡುತ್ತಿದ್ದಾರೆ. ಕ್ವಾಂಟಂ ಮೆಕ್ಯಾನಿಕ್ಸ್ ಹಾಗೇ ಇರಲಿ, ಇನ್ನೂ ಗಟ್ಟಿಯಾಗಿ ಕಲಿಸಿ. ನಮಗೆ ಬೇಕಾದವರೂ ಅದನ್ನು ಗಟ್ಟಿಯಾಗಿ ಕಲಿತವರೇ.

ನಾನು ಕೇಳುವುದಕ್ಕೆ ದುಡ್ಡು ಬೇಡ, ಸರ್ಕಾರದ ಆದೇಶವೂ ಬೇಡ. ಒಂದು ಉದ್ದನೆಯ ರಿಜಿಸ್ಟರ್ ತನ್ನಿ. ಹೋದ ಇಪ್ಪತ್ತು ವರ್ಷಗಳಲ್ಲಿ ನಿಮ್ಮಲ್ಲಿ ಓದಿದವರು ಈಗ ಎಲ್ಲಿದ್ದಾರೆ, ಅಲ್ಲಿಗೆ ಹೇಗೆ ಹೋದರು, ಯಾವ ಪರೀಕ್ಷೆ, ಎಷ್ಟನೇ ವಯಸ್ಸಿನಲ್ಲಿ, ಎಂದು ಒಬ್ಬೊಬ್ಬರನ್ನೇ ಕೇಳಿ ಬರೆದಿಡಿ. ತೋಟ ಮಾಡುವವನನ್ನೂ ಬರೆಯಿರಿ, ಕೆಲಸ ಸಿಗದೆ ಊರಿಗೆ ಹೋದವಳನ್ನೂ ಬರೆಯಿರಿ. ಅದನ್ನು ಬೀರುವಿನಲ್ಲಿಡದೆ ಲೈಬ್ರರಿಯ ಮೇಜಿನ ಮೇಲಿಡಿ. ಬಿಎಸ್ಸಿ ಮೊದಲ ವರ್ಷದವರ ಕೈಗೂ ಸಿಗಲಿ. ವರ್ಷಕ್ಕೆ ಇಬ್ಬರನ್ನು ಕರೆಸಿ, ಮುಖ್ಯ ಅತಿಥಿ ಎಂದು ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸುವುದು ಬೇಡ. ಕ್ಯಾಂಟೀನಿನಲ್ಲಿ ಹುಡುಗರ ಜೊತೆ ಕೂರಿಸಿ, ಸಂಬಳ ಎಷ್ಟು ಎಂದು ಕೇಳಲು ಬಿಡಿ. ಎಂಎಸ್ಸಿ ಪ್ರಾಜೆಕ್ಟುಗಳಲ್ಲಿ ಒಂದೆರಡನ್ನಾದರೂ ಆಸ್ಪತ್ರೆ, ಲ್ಯಾಬು, ಕಾರ್ಖಾನೆಗಳಲ್ಲಿ ಮಾಡಲು ಬಿಡಿ. ಮತ್ತೆ ಆ ಪೆಂಡುಲಮ್ ಪ್ರಯೋಗದಲ್ಲಿ 978 ಬರೆದವಳಿಗೆ ಅಂಕ ಕೊಡಿ. ಯಾಕೆ 980 ಬರಲಿಲ್ಲ ಎಂದು ಅವಳನ್ನೇ ಕೇಳಿ, ಇಡೀ ತರಗತಿ ಕೂತು ಯೋಚಿಸಲಿ.

ಆ ಹುಡುಗನನ್ನು ನಾವು ತೆಗೆದುಕೊಂಡೆವು. ಈಗ ನಾಲ್ಕನೇ ವಾರ. ಮೊನ್ನೆ ಒಂದೇ ಗೇಜನ್ನು ಹತ್ತು ಸಲ ಅಳೆದು ಹತ್ತು ಬೇರೆ ಬೇರೆ ಅಂಕಿ ಬರೆದು ತಂದು, ‘ಮೇಡಂ, ಒಂದೂ ಸೇರ್ತಿಲ್ಲ, ಏನೋ ತಪ್ಪಾಗಿದೆ’ ಅಂದ. ಕೂರಿಸಿ ಕಾಫಿ ತರಿಸಿದೆ.

ನಿಮ್ಮ ವಿದ್ಯಾರ್ಥಿಗಳನ್ನು ಕರೆತನ್ನಿ. ಬುಧವಾರ ಮಧ್ಯಾಹ್ನ ನಮಗೆ ಒತ್ತಡ ಕಡಿಮೆ. ಪೀಣ್ಯ ಇಂಡಸ್ಟ್ರಿ ಮೆಟ್ರೋ ನಿಲ್ದಾಣದಲ್ಲಿ ಇಳಿದರೆ ನಡೆದು ಬರುವಷ್ಟು ದೂರ. ಆರ್ಯಭಟ ಉಪಗ್ರಹವನ್ನು 1975ಕ್ಕೆ ಮುಂಚೆ ಜೋಡಿಸಿದ್ದು ಇದೇ ಪೀಣ್ಯದ ಶೆಡ್ಡುಗಳಲ್ಲಿ, ಆ ತಂಡದ ಮುಂದಾಳು ಯು.ಆರ್. ರಾವ್ ಉಡುಪಿ ಕಡೆಯ ಅದಮಾರಿನ ಭೌತವಿಜ್ಞಾನಿ. ದಾರಿಯಲ್ಲಿ ಅದನ್ನೂ ಹೇಳಬಹುದು. ಚಪ್ಪಲಿ ಹೊರಗೆ ಬಿಡಬೇಕು. ಒಂದು ಸಲಕ್ಕೆ ಎಂಟು ಜನಕ್ಕಿಂತ ಹೆಚ್ಚು ಒಳಗೆ ಬಿಡುವುದಿಲ್ಲ, ಮೈಶಾಖಕ್ಕೆ ಕೋಣೆಯ ತಾಪಮಾನ ಏರುತ್ತದೆ. ಒಳಗೆ 20 ಡಿಗ್ರಿ ಇರುತ್ತದೆ, ಸ್ವೆಟರ್ ತರಲು ಹೇಳಿ.

ಇಂತಿ ನಮಸ್ಕಾರಗಳೊಂದಿಗೆ,
ನಿಮ್ಮ ಹಳೆಯ ವಿದ್ಯಾರ್ಥಿನಿ
ಪೀಣ್ಯ, ಬೆಂಗಳೂರು